ಕರ್ನಲ್ ಸಾಹೇಬರು ಬಿದ್ದ ದಿನ

ಉಜ್ಜಿನಪ್ಪನವರು ತರಬೇತಿಗೆಂದು ಬೆಂಗಳೂರಿಗೆ ಹೋಗುವಾಗ ಗುಮಾಸ್ತರಾಗಿದ್ದರು. ಮರಳಿ ಬಳ್ಳಾರಿಯಲ್ಲಿ ರೈಲು ಇಳಿಯುವಾಗ ಕಂಪ್ಯೂಟರ್ ಆಫೀಸರ್ ಆಗಿದ್ದರು. ನಡುವೆ ಯಾವ ಆದೇಶವೂ ಹೊರಟಿರಲಿಲ್ಲ. ಗುಂತಕಲ್ಲು ದಾಟಿದ ಮೇಲೆ ಎದುರು ಸೀಟಿನವರೊಬ್ಬರು "ತಾವು ಏನು ಮಾಡ್ಕೊಂಡಿದೀರಿ?" ಎಂದು ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಬಡ್ತಿ ಆಗಿಹೋಗಿತ್ತು.

ಸಿರುಗುಪ್ಪದಲ್ಲಿ ಭತ್ತ ಬೆಳೆಗಾರರ ಸಂಘವೊಂದಿತ್ತು. ಉಜ್ಜಿನಪ್ಪನವರ ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ, ಕೆಲಸ ಆ ಸಂಘದಲ್ಲಿ. ಬದುಕಿನ ಉಳಿದ ಭಾಗವೆಲ್ಲ ಇವೆರಡರ ನಡುವಿನ ಬಸ್ಸಿನಲ್ಲಿ. ಎಂಬತ್ತೇಳನೆಯ ಇಸವಿಯಲ್ಲಿ ಮೇಲಿನವರಿಗೆ ಸಂಘಗಳನ್ನು ಆಧುನಿಕ ಮಾಡುವ ಹುಮ್ಮಸ್ಸು ಬಂದು ಸಿರುಗುಪ್ಪಕ್ಕೂ ಒಂದು ಕಂಪ್ಯೂಟರ್ ಮಂಜೂರಾಯಿತು. ಅದನ್ನು ನಡೆಸುವ ವಿದ್ಯೆ ಕಲಿಯಲು ಯಾರಾದರೊಬ್ಬರು ಬೆಂಗಳೂರಿಗೆ ಹೋಗಬೇಕಿತ್ತು. ಅಕೌಂಟೆಂಟರಿಗೆ ಸೊಂಟನೋವು ಬಂತು. ಕ್ಯಾಷಿಯರರ ಅತ್ತೆಗೆ ಕಾಯಿಲೆ ಬಂತು. ಉಜ್ಜಿನಪ್ಪನವರಿಗೆ ಆ ಹೊತ್ತಿಗೆ ತಕ್ಕ ರೋಗ ಯಾವುದೂ ಹೊಳೆಯಲಿಲ್ಲ. ಹಾಗಾಗಿ ಅವರೇ ಹೋದರು.

ತರಬೇತಿಯ ಬೆಳಗಿನ ಪಾಠಗಳು ಅವರಿಗೆ ಚೆನ್ನಾಗಿಯೇ ಅರ್ಥವಾದವು. ತೊಂದರೆಯಾದದ್ದು ಊಟದ ನಂತರ. ಹೊಟ್ಟೆ ತುಂಬ ಮೊಸರನ್ನ, ತಂಪು ಮಾಡಿದ ಕೋಣೆ, ಮೆತ್ತನೆಯ ಕುರ್ಚಿ. ಯಂತ್ರದ ಒಳಗುಟ್ಟನ್ನು ಬಿಚ್ಚಿ ಹೇಳುವ ಮುಖ್ಯ ಪಾಠವನ್ನು ಅವರು ಅರ್ಧ ಕಣ್ಣು ಮುಚ್ಚಿ ಕೇಳಿದರು. ಮೇಷ್ಟ್ರು ಹೇಳಿದ್ದಿಷ್ಟು: ಕಂಪ್ಯೂಟರಿನ ಎಲ್ಲ ಕೆಲಸಗಳನ್ನೂ ಆಳುವ ನಡುವಿನ ಪ್ರೋಗ್ರಾಮಿಗೆ ಕರ್ನಲ್ ಎಂದು ಹೆಸರು, ಕರ್ನಲ್ ಎಂದರೆ ಕಾಳಿನೊಳಗಿನ ತಿರುಳು, ಅದರ ಅಪ್ಪಣೆಯಿಲ್ಲದೆ ಒಳಗೆ ಒಂದಕ್ಷರವೂ ಅಲುಗಾಡದು. ತಿರುಳಿನ ಮಾತು ಬಂದಾಗ ಉಜ್ಜಿನಪ್ಪನವರು ನಿದ್ದೆಯಲ್ಲಿದ್ದರು. ಅಪ್ಪಣೆಯ ಮಾತಿಗೆ ಎಚ್ಚರವಾಯಿತು. ಆಮೇಲೆ ಕಮಾಂಡು, ಎಕ್ಸಿಕ್ಯೂಟು, ಕಿಲ್ಲು ಎಂಬ ಮಾತುಗಳೂ ಒಂದರ ಹಿಂದೊಂದು ಕಿವಿಗೆ ಬಿದ್ದವು. ಇದು ಮಿಲಿಟರಿಯವರು ಮಾಡಿದ ಯಂತ್ರ, ಒಳಗಿನ ಮುಖ್ಯ ಭಾಗಕ್ಕೆ ಸೈನ್ಯದ ದೊಡ್ಡ ಹುದ್ದೆಯ ಹೆಸರು ಕೊಟ್ಟಿದ್ದಾರೆ ಎಂದು ಅವರು ತೀರ್ಮಾನಿಸಿಬಿಟ್ಟರು. ಹುದ್ದೆ ಇದ್ದ ಮೇಲೆ ಬಹುವಚನ ಬೇಡವೇ? ಅಂದಿನಿಂದ ಅವರ ಬಾಯಲ್ಲಿ ಅದು ‘ಕರ್ನಲ್ ಸಾಹೇಬ್ರು’.

ಮನೆಯಲ್ಲಿ ಹೆಂಡತಿ ಕೊಟ್ರಬಸಮ್ಮ ರೊಟ್ಟಿ ಬಡಿಸುತ್ತ ಕೇಳಿದಳು, "ಆಫೀಸಿನ್ಯಾಗ ಈಗ ನಿಮ್ಮ ಜೋಡಿ ಯಾರ್ಯಾರು ಅದಾರ್ರಿ?"

"ಕರ್ನಲ್ ಸಾಹೇಬ್ರು ಅದಾರ. ನಾ ಹೇಳಿದಂಗ ಕೇಳ್ತಾರ."

"ಮಿಲಿಟರಿ ಕರ್ನಲ್ಲಾ? ನಿಮ್ಮ ಮಾತು ಕೇಳ್ತಾರಾ?"

ಉಜ್ಜಿನಪ್ಪನವರು ಇಲ್ಲಿ ಬಿಡಿಸಿ ಹೇಳಬಹುದಿತ್ತು. ಆದರೆ ಮದುವೆಯಾದ ಮೇಲೆ ಕೊಟ್ರಬಸಮ್ಮ ಅವರನ್ನು ಅಷ್ಟು ಕಣ್ಣರಳಿಸಿ ನೋಡಿದ್ದು ಅದೇ ಮೊದಲು. "ಕೇಳದ ಏನು ಮಾಡ್ತಾರ?" ಎಂದು ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಸಂಜೆಯೊಳಗೆ ಪಾರ್ವತಿನಗರಕ್ಕೆಲ್ಲ ಗೊತ್ತಾಯಿತು.

ಸಿರುಗುಪ್ಪದ ಕಥೆ ಇನ್ನೂ ಸೊಗಸು. ಕಂಪ್ಯೂಟರಿಗೆಂದು ಸಂಘದ ಕಟ್ಟಡದಲ್ಲಿ ಒಂದು ಕೋಣೆಗೆ ಎಸಿ ಹಾಕಿ, ಕಿಟಕಿಗೆ ಪರದೆ ಬಿಟ್ಟು, ಬಾಗಿಲ ಹೊರಗೆ ಚಪ್ಪಲಿ ಬಿಡಬೇಕೆಂದು ಬರೆಸಿದ್ದರು. ದೇಶನೂರಿನ ಕಡೆಯಿಂದ ಭತ್ತದ ಲೆಕ್ಕ ಕೇಳಲು ಬಂದ ರೈತರು ಬಾಗಿಲ ಮುಂದೆ ಗದ್ದಲ ಮಾಡಿದರೆ ಉಜ್ಜಿನಪ್ಪನವರು ತಲೆ ಹೊರಗೆ ಹಾಕಿ, "ಸಾವಕಾಶ ಮಾತಾಡ್ರಪಾ, ಒಳಗ ಕರ್ನಲ್ ಸಾಹೇಬ್ರು ಕೆಲಸದಾಗ ಅದಾರ" ಎನ್ನುತ್ತಿದ್ದರು. ರೈತರು ದನಿ ಇಳಿಸುತ್ತಿದ್ದರು. ಒಬ್ಬಿಬ್ಬರು ಬಾಗಿಲಿಗೆ ಸಲಾಮು ಹೊಡೆದು ಹೋಗುತ್ತಿದ್ದರು. ದಿಲ್ಲಿಯಿಂದ ಬಂದ ಕರ್ನಲ್ಲೊಬ್ಬರು ಭತ್ತದ ಲೆಕ್ಕ ಕಾಯುತ್ತ ಒಳಗೆ ಕೂತಿದ್ದಾರೆ, ಎಸಿ ಇಲ್ಲದ ಗಾಳಿ ಅವರಿಗೆ ಆಗಿಬರುವುದಿಲ್ಲ, ಅದಕ್ಕೇ ಹೊರಗೆ ಕಾಣಿಸಿಕೊಳ್ಳುವುದಿಲ್ಲ ಎಂಬುದು ಊರಿನಲ್ಲಿ ಖಾತ್ರಿಯಾಯಿತು.

ಸಂಘದ ಅಧ್ಯಕ್ಷರಾದ ತಿಪ್ಪೇರುದ್ರಪ್ಪನವರಿಗಾದರೂ ಸತ್ಯ ಗೊತ್ತಿರಬೇಕಿತ್ತು. ಆದರೆ ಅವರು ಉದ್ಘಾಟನೆಯ ದಿನ ಟೇಪು ಕತ್ತರಿಸಿ, ಕಾಯಿ ಒಡೆದು, ಒಳಗಿನ ತಂಪಿಗೆ ಸೀನುತ್ತ ಹೊರಬಿದ್ದವರು ಮತ್ತೆ ಆ ಕೋಣೆಯ ಕಡೆ ತಲೆ ಹಾಕಿರಲಿಲ್ಲ. ಜನ ಬಂದು "ನಿಮ್ಮ ಕರ್ನಲ್ ಹೆಂಗದಾರ್ರಿ?" ಎಂದು ಕೇಳತೊಡಗಿದಾಗ, ಮೇಲಿನವರು ತಮಗೆ ತಿಳಿಸದೆ ಯಾರನ್ನೋ ಕಳಿಸಿದ್ದಾರೆಂದು ಅವರು ಬಗೆದರು. ಯಾರನ್ನಾದರೂ ವಿಚಾರಿಸಿದರೆ ಅಧ್ಯಕ್ಷರಿಗೇ ಗೊತ್ತಿಲ್ಲವೆಂಬುದು ಎಲ್ಲರಿಗೂ ಗೊತ್ತಾಗುತ್ತದೆ. "ಭಾಳ ಶಿಸ್ತಿನ ಮನುಷ್ಯ" ಎಂದು ಹೇಳಿ ಮೀಸೆ ತೀಡಿಕೊಂಡರು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ ಸಂಘದ ವಾರ್ಷಿಕ ಸಭೆಯ ದಿನ ಬಂತು.

ಅಂಗಳದಲ್ಲಿ ಶಾಮಿಯಾನ ಎದ್ದಿತ್ತು, ಮೈಕು ‘ಹಲೋ ಹಲೋ’ ಎನ್ನುತ್ತಿತ್ತು, ಹಳ್ಳಿಗಳಿಂದ ಟ್ರಾಕ್ಟರುಗಳಲ್ಲಿ ಸದಸ್ಯರು ಇಳಿಯುತ್ತಿದ್ದರು. ಸಭೆಗೆ ವರ್ಷದ ವರದಿ ಕಂಪ್ಯೂಟರಿನಿಂದಲೇ ಅಚ್ಚಾಗಿ ಬರಬೇಕೆಂದು ಅಧ್ಯಕ್ಷರ ಆಸೆ. ಬೆಳಿಗ್ಗೆ ಉಜ್ಜಿನಪ್ಪನವರು ಯಂತ್ರಕ್ಕೆ ಕುಂಕುಮ ಹಚ್ಚಿ, ಕೈಮುಗಿದು, ವರದಿ ಅಚ್ಚು ಮಾಡಲು ಅಪ್ಪಣೆ ಕೊಟ್ಟರು. ಪ್ರಿಂಟರು ಕರ್ರ್ ಎಂದು ಅರ್ಧ ಸಾಲು ಹೊಡೆದು ನಿಂತಿತು. ಉಜ್ಜಿನಪ್ಪನವರು ಇನ್ನೊಮ್ಮೆ ಕೈಮುಗಿದರು. ಪ್ರಯೋಜನವಾಗಲಿಲ್ಲ.

ಯಂತ್ರ ಕೆಟ್ಟರೆ ಬಳ್ಳಾರಿಯಲ್ಲಿರುವ ಇಂಜಿನಿಯರ್ ಅಯ್ಯಣ್ಣನಿಗೆ ಫೋನು ಮಾಡಬೇಕೆಂದು ಕಂಪನಿಯವರು ಹೇಳಿದ್ದರು. ಸಿರುಗುಪ್ಪದಿಂದ ಬಳ್ಳಾರಿಗೆ ಆಗ ನೇರ ಫೋನಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಬರೆಸಬೇಕು, ಅಲ್ಲಿ ಕೂತ ಮೂಕಮ್ಮ ತಂತಿ ಜೋಡಿಸಿ ಕೊಡಬೇಕು. ಹೆಸರಿಗೂ ಸ್ವಭಾವಕ್ಕೂ ಅಷ್ಟು ದೂರವಿದ್ದ ಮನುಷ್ಯರು ಆ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಮಾತು ಸರಿಯಾಗಿ ಕೇಳಿಸುತ್ತದೆಯೋ ಇಲ್ಲವೋ ಎಂಬ ಕಾಳಜಿಯಿಂದ ಆಕೆ ಎಲ್ಲರ ಕರೆಗಳನ್ನೂ ಕೊನೆಯವರೆಗೆ ತಾನೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಇಲ್ಲಿ ಓದುಗರಿಗೊಂದು ಮಾತು ಹೇಳಿಬಿಡಬೇಕು. ಕಂಪ್ಯೂಟರಿನೊಳಗೆ ಒಂದು ಕೆಲಸ ಇನ್ನೊಂದು ಕೆಲಸವನ್ನು ಹುಟ್ಟಿಸಿದರೆ ಹುಟ್ಟಿಸಿದ್ದಕ್ಕೆ ‘ಪೇರೆಂಟ್’ ಎಂದೂ ಹುಟ್ಟಿದ್ದಕ್ಕೆ ‘ಚೈಲ್ಡ್’ ಎಂದೂ ಕರೆಯುತ್ತಾರೆ. ಕೆಲಸ ನಿಲ್ಲಿಸುವುದಕ್ಕೆ ‘ಕಿಲ್’ ಎನ್ನುತ್ತಾರೆ. ಕರ್ನಲ್ಲೇ ದಿಕ್ಕುತಪ್ಪಿ ನಿಂತರೆ ‘ಪ್ಯಾನಿಕ್’, ನಿಲ್ಲುವಾಗ ತನ್ನ ನೆನಪಿನಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಸುರಿದರೆ ‘ಡಂಪ್’. ಇದು ಉಜ್ಜಿನಪ್ಪನವರಿಗೆ ಗೊತ್ತಿತ್ತು, ಅಯ್ಯಣ್ಣನಿಗೆ ಗೊತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ತೆಗೆದಿದ್ದ ಮೂಕಮ್ಮನಿಗೆ ಮಾತ್ರ ಗೊತ್ತಿರಲಿಲ್ಲ.

"ಅಯ್ಯಣ್ಣಾರ! ನಾನ್ರಿ, ಸಿರುಗುಪ್ಪದಿಂದ ಉಜ್ಜಿನಪ್ಪ! ಎಲ್ಲಾ ನಿಂತು ಬಿಟ್ಟೈತ್ರಿ!"

"ಗಾಬರಿ ಆಗಬ್ಯಾಡ್ರಿ. ಚೈಲ್ಡ್ ಸಿಕ್ಕಂಡಿರ್ತೈತಿ. ಮದ್ಲು ಚೈಲ್ಡ್‌ನ ಕಿಲ್ ಮಾಡ್ರಿ."

ಉಜ್ಜಿನಪ್ಪನವರು ಆಫೀಸಿನ ಫೋನಿನ ರಿಸೀವರನ್ನು ಮೇಜಿನ ಮೇಲಿಟ್ಟು, ಕಂಪ್ಯೂಟರ್ ಕೋಣೆಗೆ ಓಡಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೊಕ್ಕು, ಕೀಲಿಮಣೆ ಒತ್ತಿ, ಹೊರಬಂದು, ಚಪ್ಪಲಿ ಮೆಟ್ಟಿ, ಮತ್ತೆ ಓಡಿ ಬಂದರು.

"ಕಿಲ್ ಮಾಡಿದ್ನ್ರಿ! ಆದ್ರ ಸತ್ತರೂ ಹೋಗವಲ್ದು, ಅಲ್ಲೇ ಐತ್ರಿ!"

"ಪೇರೆಂಟ್ ಹಿಡಕೊಂಡಿರ್ತೈತಿ. ಪೇರೆಂಟ್‌ನೂ ಕಿಲ್ ಮಾಡಿಬಿಡ್ರಿ. ಅದು ಹೋಗದ ಇದು ಹೋಗಂಗಿಲ್ಲ."

ಮತ್ತೆ ಓಟ, ಮತ್ತೆ ಚಪ್ಪಲಿ. ಈ ಸಲ ಉಜ್ಜಿನಪ್ಪನವರು ಮರಳಿದಾಗ ಒಂದೇ ಚಪ್ಪಲಿ ಕಾಲಲ್ಲಿತ್ತು.

"ಅಯ್ಯಣ್ಣಾರ! ಪೇರೆಂಟೂ ಮುಗೀತ್ರಿ! ಆದ್ರ ಕರ್ನಲ್ ಸಾಹೇಬ್ರು ಬಿದ್ರು! ಪ್ಯಾನಿಕ್ ಆಗಿ ಬಿದ್ರು! ಅಲುಗಾಡವಲ್ರು!"

"ಅಯ್ಯಯ್ಯ! ಡಂಪ್ ಆತೇನು?"

"ಆಗಾಕ ಹತ್ತೈತ್ರಿ!"

"ಆಗಲಿ ತಡೀರಿ. ಒಳಗ ಯಾರನ್ನೂ ಬಿಡಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ. ನಾನು ಈಗಿನ ಬಸ್ಸಿಗೆ ಹೊರಟೆ. ಆರ್ಫನ್ ಉಳಿದಾವೇನೋ ನೋಡಿ, ನಾನ ಬಂದು ಕ್ಲಿಯರ್ ಮಾಡಿಬಿಡ್ತೀನಿ."

ಎಕ್ಸ್‌ಚೇಂಜಿನಲ್ಲಿ ಮೂಕಮ್ಮ ಕೇಳಿದ್ದನ್ನೆಲ್ಲ ಒಂದಕ್ಕೊಂದು ಜೋಡಿಸಿದಳು. ಮಗು ಹೋಯಿತು, ಹೆತ್ತವರು ಹೋದರು, ನೋಡಿ ದಿಗಿಲುಬಿದ್ದ ಕರ್ನಲ್ ಕುಸಿದರು, ಈಗ ಹೆಣ ಸಾಗಿಸುತ್ತಿದ್ದಾರೆ. ಉಳಿದ ಅನಾಥ ಮಕ್ಕಳನ್ನೂ ತೀರಿಸಲು ಬಳ್ಳಾರಿಯಿಂದ ಒಬ್ಬ ಬಸ್ಸು ಹತ್ತಿದ್ದಾನೆ! ಆಕೆ ನೀರು ಕುಡಿದು, ಮೊದಲು ಠಾಣೆಗೆ ತಂತಿ ಜೋಡಿಸಿದಳು. ಆಮೇಲೆ ಅಧ್ಯಕ್ಷರ ಮನೆಗೆ. ಆಮೇಲೆ ಕುರುಗೋಡಿಗೆ, ಯಾಕೆಂದರೆ ಅಲ್ಲಿ ಶೇಂಗಾ ಎಣ್ಣೆಯ ಮಿಲ್ಲು ಇಟ್ಟಿರುವ ಮರಿಬಸಪ್ಪ ಉಜ್ಜಿನಪ್ಪನವರ ಅಕ್ಕನ ಗಂಡ ಎಂಬುದು ಆಕೆಗೆ ಗೊತ್ತಿತ್ತು. ದೊಡ್ಡವರಿಗೆ ಕೊಲೆಯ ಸುದ್ದಿಯನ್ನು ಒಮ್ಮೆಲೇ ಹೇಳಬಾರದೆಂಬ ಸೂಕ್ಷ್ಮವೂ ಇದ್ದದ್ದರಿಂದ, ಠಾಣೆಗೆ ಕೊಲೆಯೆಂದೂ ಅಧ್ಯಕ್ಷರಿಗೆ ಕರ್ನಲ್ ಬಿದ್ದು ತೀರಿಕೊಂಡರೆಂದೂ ಕುರುಗೋಡಿಗೆ ಹೃದಯಾಘಾತವೆಂದೂ ಹೇಳಿದಳು.

ಫೌಜುದಾರ ವಿರೂಪಾಕ್ಷಪ್ಪ ಇಬ್ಬರು ಪೇದೆಗಳೊಡನೆ ಬಂದಾಗ ಉಜ್ಜಿನಪ್ಪನವರು ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು.

"ದಾರಿ ಬಿಡ್ರಿ."

"ಆಗಂಗಿಲ್ರಿ. ಯಾರನ್ನೂ ಬಿಡಬ್ಯಾಡ ಅಂತ ಹೇಳ್ಯಾರ."

"ಯಾರು ಹೇಳ್ಯಾರ?"

"ಬಳ್ಳಾರ್ಯಾಗಿನವರು. ಅವರು ಬರೂಮಟ ಏನೂ ಮುಟ್ಟಂಗಿಲ್ಲ."

ಇದು ಒಬ್ಬನ ಕೆಲಸವಲ್ಲ, ದೊಡ್ಡ ಗುಂಪೇ ಇದೆ ಎಂದು ಫೌಜುದಾರರಿಗೆ ಮನವರಿಕೆಯಾಯಿತು. ದನಿ ಮೆತ್ತಗೆ ಮಾಡಿ ಕೇಳಿದರು, "ಕರ್ನಲ್ ಒಳಗದಾರೇನು?"

"ಅದಾರ್ರಿ. ಬಿದ್ದಾರ."

"ಜೀವ ಐತೋ ಇಲ್ಲೋ?"

"ಈಗ ಹೇಳಾಕ ಬರಂಗಿಲ್ರಿ. ಹೋದ ವಾರನೂ ಹಿಂಗ ಬಿದ್ದಿದ್ರು. ಆಫ್ ಮಾಡಿ ಆನ್ ಮಾಡಿದ ಮ್ಯಾಲ ಎದ್ರು."

"ಚೈಲ್ಡ್ ಎಲ್ಲೈತಿ?"

ಫೌಜುದಾರರಿಗೂ ಕಂಪ್ಯೂಟರ್ ವಿದ್ಯೆ ಗೊತ್ತಿದೆಯೆಂದು ತಿಳಿದು ಉಜ್ಜಿನಪ್ಪನವರಿಗೆ ಸಂತೋಷವಾಯಿತು. "ಅದನ್ನ ಮದ್ಲ ಕಿಲ್ ಮಾಡಿದ್ನ್ರಿ. ಆಮ್ಯಾಲ ಪೇರೆಂಟು" ಎಂದರು, ಕಸುಬಿನವರ ಗತ್ತಿನಲ್ಲಿ.

"ಯಾಕ?"

"ಪ್ರಿಂಟ್ ಆಗವಲ್ದಾಗಿತ್ರಿ."

ವಿರೂಪಾಕ್ಷಪ್ಪ ತಮ್ಮ ಸರ್ವೀಸಿನಲ್ಲಿ ಹೊಲದ ಬದುವಿಗಾಗಿ ಆದ ಕೊಲೆ ನೋಡಿದ್ದರು, ಕಾಲುವೆ ನೀರಿಗಾಗಿ ಆದದ್ದು ನೋಡಿದ್ದರು. ಪ್ರಿಂಟಿಗಾಗಿ ಆದದ್ದು ಇದೇ ಮೊದಲು. ಅವರು ಉಜ್ಜಿನಪ್ಪನವರನ್ನು ಪಕ್ಕಕ್ಕೆ ಸರಿಸಿ ಬಾಗಿಲು ನೂಕಿದರು. ಒಳಗೆ ತಂಪು, ಕುಂಕುಮ ಹಚ್ಚಿದ ಒಂದು ಪೆಟ್ಟಿಗೆ, ಹಸಿರು ಅಕ್ಷರಗಳು. ಮನುಷ್ಯನ ಸುಳಿವಿಲ್ಲ.

"ಹೆಣ ಎಲ್ಲಿ? ಎಲ್ಲಿ ಡಂಪ್ ಮಾಡೀರಿ?"

"ಡಿಸ್ಕಿನ್ಯಾಗ್ರಿ."

"ಡಿಸ್ಟ್ರಿಕ್ಟಾ? ಯಾವ ಡಿಸ್ಟ್ರಿಕ್ಟು?" ಫೌಜುದಾರರ ಮುಖದಲ್ಲಿ ಮೊದಲ ಬಾರಿಗೆ ಒಂದು ಆಸೆ ಮೂಡಿತು. "ಹೊಳಿ ದಾಟಿಸೀರೇನು? ರಾಯಚೂರು ಜಿಲ್ಲಾಕ? ಹಂಗಿದ್ರ ಹೇಳಿಬಿಡ್ರಿ, ನಂದೇನೂ ಅಭ್ಯಂತರಿಲ್ಲ."

ಉಜ್ಜಿನಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಹೊರಗಿನ ಮೈಕಿನಿಂದ ಒಂದು ದೊಡ್ಡ ಬಿಕ್ಕು ಕೇಳಿಸಿತು.

ಅಧ್ಯಕ್ಷ ತಿಪ್ಪೇರುದ್ರಪ್ಪನವರು ಬಂದಿದ್ದರು. ವಾರ್ಷಿಕ ಸಭೆಗೆ ಜನ ಹೇಗೂ ಸೇರಿದ್ದರು, ಶಾಮಿಯಾನಕ್ಕೂ ಹೊರೆಯಷ್ಟು ಹಾರಗಳಿಗೂ ಹೇಗೂ ಖರ್ಚಾಗಿತ್ತು; ವಾರ್ಷಿಕ ಸಭೆಯನ್ನು ಅವರು ಹಾಗೆಯೇ ಶೋಕಸಭೆಯಾಗಿ ತಿರುಗಿಸಿಕೊಂಡರು.

"ಕರ್ನಲ್ ಸಾಹೇಬ್ರು ನಮ್ಮನ್ನ ಅಗಲಿದ್ರು" ಎಂದು ಅವರು ಹೇಳುತ್ತಿದ್ದಂತೆ ಹೆಂಗಸರ ಸಾಲಿನಲ್ಲಿ ಸೆರಗುಗಳು ಕಣ್ಣಿಗೆ ಏರಿದವು. "ಎಂಥ ಮನುಷ್ಯರ್ರೀ ಅವರು! ಹೋದ ಅಮಾಸಿ ದಿನ ನನ್ನ ಜೋಡಿ ಕುಂತು ಜ್ವಾಳದ ರೊಟ್ಟಿ, ಬದ್ನಿಕಾಯಿ ಪಲ್ಯ ಉಂಡ್ರು. ‘ತಿಪ್ಪೇರುದ್ರಪ್ಪ, ಗಡಿನ್ಯಾಗ ನೀನು ಇದ್ದಿದ್ರ ಯುದ್ಧ ಲಗೂನ ಮುಗೀತಿತ್ತು’ ಅಂದ್ರು."

ಒಬ್ಬರು ತೆರೆದ ಬಾಗಿಲಲ್ಲಿ ಉಳಿದವರೂ ನುಗ್ಗಿದರು. ಅಕ್ಕಿ ಮಿಲ್ಲಿನ ಮಾಲೀಕರೊಬ್ಬರು ಕರ್ನಲ್ಲರ ಗುಂಡಿನ ಗಾಯವನ್ನು ಕಣ್ಣಾರೆ ಕಂಡದ್ದಾಗಿ ಹೇಳಿದರು. ಗಾಯ ಬಲಗಾಲಿನಲ್ಲಿತ್ತು. ಮುಂದೆ ಮಾತನಾಡಿದ ಮೇಷ್ಟ್ರು ಅದನ್ನು ಎಡಗಾಲಿನಲ್ಲಿ ಕಂಡಿದ್ದರು. ಎರಡೂ ಕಾಲಿಗೆ ಗುಂಡು ತಿಂದ ವೀರನೆಂದು ಸಭೆ ಚಪ್ಪಾಳೆ ತಟ್ಟಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿತು. ದೇಶನೂರಿನ ಮುದುಕರೊಬ್ಬರು ಎದ್ದು, ದಿನಾಲು ಬಾಗಿಲ ಸಂದಿಯಿಂದ ಕರ್ನಲ್ಲರ ತಣ್ಣನೆಯ ಉಸಿರು ತಮ್ಮ ಪಾದಕ್ಕೆ ತಾಗುತ್ತಿತ್ತೆಂದು ಹೇಳಿ ಕೂತರು. ಆ ದಿನದ ಶ್ರದ್ಧಾಂಜಲಿಗಳಲ್ಲಿ ನಿಜವಾದದ್ದು ಅದೊಂದೇ.

ಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ ಫೌಜುದಾರರಿಗೂ ಸುಮ್ಮನಿರಲಾಗಲಿಲ್ಲ. ಪಕ್ಕದಲ್ಲಿದ್ದವರಿಗೆ, "ನಾನೂ ಒಮ್ಮಿ ಸಲ್ಯೂಟ್ ಹೊಡೆದೀನಿ. ಎದಿ ಅಂದ್ರ ಎದಿ, ಹಿಂಗಿತ್ತು" ಎಂದು ಕೈ ಅಗಲಿಸಿ ತೋರಿಸಿದರು.

ಅಷ್ಟರಲ್ಲಿ ಕುರುಗೋಡಿನಿಂದ ಜೀಪಿನಲ್ಲಿ ಮರಿಬಸಪ್ಪನವರು ಬಂದಿಳಿದರು. ಕೈಯಲ್ಲಿ ಆಳೆತ್ತರದ ಸೇವಂತಿಗೆ ಹಾರ. "ಎಲ್ಲಿ ಮಲಗಿಸ್ಯಾರ?" ಎಂದು ಕೇಳಿ, ಉತ್ತರ ಸಿಗದೆ, ಹಾರವನ್ನು ಎಲ್ಲಿ ಇಡುವುದೆಂದು ತಿಳಿಯದೆ, ಕೊನೆಗೆ ಕಂಪ್ಯೂಟರ್ ಕೋಣೆಯ ಬಾಗಿಲ ಚಿಲಕಕ್ಕೆ ತೂಗುಹಾಕಿ ಕೈಮುಗಿದರು. ಅದರ ಹಿಂದೆ ಉಳಿದ ಹಾರಗಳೂ ಬಂದವು. ಬಾಗಿಲು ಹೂವಿನಲ್ಲಿ ಮುಚ್ಚಿಹೋಯಿತು.

ಆ ಹೂವನ್ನು ಸರಿಸಿಕೊಂಡು ಒಳಗೆ ಬಂದವನು ಇಂಜಿನಿಯರ್ ಅಯ್ಯಣ್ಣ. ಬಸ್ಸಿನಿಂದ ಇಳಿದವನೇ ಚೀಲ ಹೆಗಲಿಗೇರಿಸಿ ನಡೆದು ಬಂದಿದ್ದ. "ಯಾರರ ಸತ್ತಾರೇನ್ರಿ?" ಎಂದು ಕೇಳುವಷ್ಟರಲ್ಲಿ ಇಬ್ಬರು ಪೇದೆಗಳು ಅವನ ಎರಡು ತೋಳು ಹಿಡಿದರು.

"ಅನಾಥ ಮಕ್ಕಳನ್ನ ಕ್ಲಿಯರ್ ಮಾಡಾಕ ಬಂದವ ನೀನ ಏನು?" ಎಂದರು ಫೌಜುದಾರರು.

"ಹೌದ್ರಿ. ಆರ್ಫನ್ ಎಷ್ಟು ಅದಾವು?" ಎಂದ ಅಯ್ಯಣ್ಣ, ಉಜ್ಜಿನಪ್ಪನವರ ಕಡೆ ತಿರುಗಿ. ಪೇದೆಯೊಬ್ಬ ಅವನ ಬಾಯಿಯ ಮೇಲೆ ಕೈಯಿಟ್ಟ.

ಸುಮಾರು ಹೊತ್ತು ಕೂಗಾಟವಾದ ಮೇಲೆ, ಯಂತ್ರ ಮುಟ್ಟಲು ಕೈ ಬಿಟ್ಟರೆ ಎಲ್ಲವನ್ನೂ ತೋರಿಸುತ್ತೇನೆಂದು ಅಯ್ಯಣ್ಣ ಒಪ್ಪಿಸಿದ. ಯಂತ್ರವನ್ನು ಆರಿಸಿ ಹೊತ್ತಿಸಿದ. ಪರದೆಯ ಮೇಲೆ ಸಾಲುಗಳು ಓಡಿದವು. ಡಿಸ್ಕಿನಲ್ಲಿ ಬರೆದಿಟ್ಟದ್ದೆಲ್ಲ ನೆಟ್ಟಗಿದೆಯೇ ಎಂದು ತಪಾಸಣೆ ಮಾಡುವ ಪ್ರೋಗ್ರಾಮು ಎದ್ದು, ಒಂದೊಂದೇ ಪ್ರಶ್ನೆ ಕೇಳತೊಡಗಿತು. ಅಯ್ಯಣ್ಣ ಪ್ರತಿಯೊಂದಕ್ಕೂ ಹೌದು, ಹೌದು ಎಂದು ಒತ್ತುತ್ತ ಹೋದ.

"ನೋಡ್ರಿ ಸಾಹೇಬ್ರ, ಆರ್ಫನ್ ಅಂದ್ರ ಇವು. ಭತ್ತದ ಲೆಕ್ಕದ ಫೈಲು. ತಾವು ಯಾವ ಮನಿಯವು ಅನ್ನೂದು ಮರತಾವು. ಇವನ್ನ ಲಾಸ್ಟ್ ಅಂಡ್ ಫೌಂಡ್ ಅನ್ನೂ ಕಡೆ ಕೂಡಿಸಿದೆ. ಆಮ್ಯಾಲ ಹುಡುಕಿ ಹೆಸರಿಟ್ಟರಾತು. ಚೈಲ್ಡು, ಪೇರೆಂಟು ಎಲ್ಲಾ ಯಂತ್ರದ ಕೆಲಸಗಳ ಹೆಸರು. ಮನುಷ್ಯಾರಲ್ಲ."

"ಮತ್ತ ಕರ್ನಲ್?"

"ಅದೂ ಪ್ರೋಗ್ರಾಮು. ಕರ್ನಲ್ ಅಂದ್ರ ತಿರುಳು. ಶೇಂಗಾದೊಳಗ ಬೀಜ ಇರ್ತೈತಲ್ಲ, ಹಂಗ."

ವಿರೂಪಾಕ್ಷಪ್ಪ ಟೊಪ್ಪಿಗೆ ತೆಗೆದು ಕುರ್ಚಿಯಲ್ಲಿ ಕೂತರು. "ಅಂದ್ರ ನಾನು ಇಬ್ಬರು ಪ್ಯಾದಿ ಕರಕೊಂಡು ಶೇಂಗಾಬೀಜದ ಕೊಲಿ ತನಿಖಿ ಮಾಡಾಕ ಬಂದೀನಿ?"

ಉಜ್ಜಿನಪ್ಪನವರು ಆ ‘ತಿರುಳು’ ಎಂಬ ಮಾತನ್ನು ಮೊದಲ ಬಾರಿಗೆ ಎಚ್ಚರದಲ್ಲಿ ಕೇಳಿ ಗೋಡೆಗೆ ಒರಗಿದ್ದರು.

"ಅದಿರ್ಲಿ, ಮ್ಯಾಲಿಂದ ಮ್ಯಾಲ ಯಾಕ ಬೀಳ್ತೈತಿ ಇದು?" ಎಂದು ಅಯ್ಯಣ್ಣ ಅವರನ್ನೇ ಕೇಳಿದ. "ದಿನಾ ಸಂಜಿ ಹೆಂಗ ಬಂದ್ ಮಾಡ್ತೀರಿ?"

"ಗ್ವಾಡಿ ಸ್ವಿಚ್ಚು ಒತ್ತಿ. ಫ್ಯಾನು, ಲೈಟು, ಸಾಹೇಬ್ರು, ಎಲ್ಲಾ ಒಂದ ಸಾರಿ."

ಅಯ್ಯಣ್ಣ ಹಣೆ ಹಣೆ ಬಡಿದುಕೊಂಡ. "ಬರಿಯಾಕ ಹತ್ತಿದವನ ಕೈಯಾಗಿನ ಪೆನ್ನು ಕಸಕೊಂಡು ದೀಪ ಆರಿಸಿದಂಗ ಆತಲ್ರೀ ಅದು! ಡಿಸ್ಕಿನ್ಯಾಗ ಬರದದ್ದು ಅರ್ಧಮರ್ಧ ಉಳಿದು ಕೆಡ್ತೈತಿ. ಕೆಟ್ಟದ್ದನ್ನ ಓದಾಕ ಹೋಗಿ ಕರ್ನಲ್ ಬೀಳ್ತೈತಿ. ಮದ್ಲು ಹೇಳಿ ಬಂದ್ ಮಾಡ್ಬೇಕ್ರಿ."

ಅಂದರೆ ದಿನಾ ಸಂಜೆ, ಬಸ್ಸಿಗೆ ಹೊತ್ತಾಯಿತೆಂಬ ಅವಸರದಲ್ಲಿ, ಕರ್ನಲ್ ಸಾಹೇಬರ ಕುತ್ತಿಗೆ ಹಿಚುಕಿದ್ದು ತಾವೇ. ಇಷ್ಟು ದಿನ ಜೊತೆಯಲ್ಲಿ ಕೆಲಸ ಮಾಡಿದವರು. ಒಮ್ಮೆಯೂ ಎದುರಾಡಿದವರಲ್ಲ. ಉಜ್ಜಿನಪ್ಪನವರ ಕಣ್ಣು ನಿಜವಾಗಿಯೂ ತುಂಬಿ ಬಂತು.

"ಅಳೂದು ಆಮ್ಯಾಲ" ಎಂದು ಫೌಜುದಾರರು ಎದ್ದರು. "ಹೊರಗ ಹೋಗಿ ಜನಕ್ಕ ಖರೇ ಏನಂತ ಹೇಳ್ರಿ. ನೀವ ಎಬ್ಬಿಸಿದ ಗುಲ್ಲು, ನೀವ ಇಳಿಸ್ರಿ."

ಬಾಳಿನಲ್ಲಿ ಒಮ್ಮೆಯಾದರೂ ಸತ್ಯವನ್ನು ಗಟ್ಟಿಯಾಗಿ ಹೇಳಿಬಿಡಬೇಕೆಂಬ ಧೈರ್ಯ ಉಜ್ಜಿನಪ್ಪನವರಿಗೆ ಆ ಗಳಿಗೆಯಲ್ಲಿ ಬಂತು. ಒದ್ದೆ ಕಣ್ಣಿನಲ್ಲೇ ವೇದಿಕೆ ಹತ್ತಿ, ಭಾಷಣ ಮಾಡುತ್ತಿದ್ದವರ ಕೈಯಿಂದ ಮೈಕು ತೆಗೆದುಕೊಂಡರು. ಕರ್ನಲ್ಲರ ಬಲಗೈ ಬಂಟನನ್ನು ನೋಡಿ ಸಭೆ ಗಪ್ಪಾಯಿತು.

"ನಾನು ಖರೇ ಹೇಳ್ತೀನ್ರಿ" ಎಂದರು. "ಕರ್ನಲ್ ಸಾಹೇಬ್ರು ಇಲ್ಲ!"

ಇಡೀ ಶಾಮಿಯಾನ ಗೋಳೋ ಎಂದಿತು.

"ಹಂಗಲ್ರೀ! ಅವರು ಇಲ್ಲಾಂದ್ರ ಇಲ್ಲ! ಯಾವಾಗ್ಲೂ ಇರ್ಲಿಲ್ಲ!"

"ಎಲ್ಲಿ ಇರ್ತಾರಪಾ ಯಾವಾಗ್ಲೂ" ಎಂದು ದೇಶನೂರಿನ ಮುದುಕರು ಕಣ್ಣೊರೆಸಿಕೊಂಡರು. "ಯಾರೂ ಇರಂಗಿಲ್ಲ."

"ಅಯ್ಯ, ಕೇಳ್ರಿ ಇಲ್ಲಿ! ಕರ್ನಲ್ ಅಂದ್ರ ಮನುಷ್ಯಾ ಅಲ್ಲ! ಶೇಂಗಾಬೀಜ ಇದ್ದಂಗ! ಯಂತ್ರದೊಳಗಿನ ತಿರುಳು!"

ಈಗ ಮಾತ್ರ ಸಭೆ ಸ್ತಬ್ಧವಾಯಿತು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ತಿಪ್ಪೇರುದ್ರಪ್ಪನವರು ಶೇಂಗಾಬೀಜವೊಂದರ ಜೊತೆ ಕೂತು ರೊಟ್ಟಿ, ಬದನೆಕಾಯಿ ಉಂಡದ್ದಾಗಿ ಸಾವಿರ ಜನರೆದುರು ಹೇಳಿಯಾಗಿತ್ತು. ಅಕ್ಕಿ ಮಿಲ್ಲಿನವರು ಅದರ ಬಲಗಾಲು ನೋಡಿದ್ದರು. ಮೇಷ್ಟ್ರು ಎಡಗಾಲು ನೋಡಿದ್ದರು. ಬಾಗಿಲಲ್ಲಿ ನಿಂತಿದ್ದ ಫೌಜುದಾರರು, ತಾವು ಸಲ್ಯೂಟ್ ಹೊಡೆದದ್ದನ್ನು ಯಾರಿಗೆಲ್ಲ ಹೇಳಿದ್ದೇವೆಂದು ನೆನಪು ಮಾಡಿಕೊಂಡು, ಆಕಾಶದಲ್ಲಿ ಮೋಡ ನೋಡತೊಡಗಿದರು. ಅಯ್ಯಣ್ಣ ಬಸ್ಸಿಗೆ ಹೊತ್ತಾಯಿತೆಂದು ಹಿಂಬಾಗಿಲಿನಿಂದ ಹೊರಟುಹೋಗಿದ್ದ.

ಅಧ್ಯಕ್ಷರು ಎದ್ದು ಬಂದರು. ಉಜ್ಜಿನಪ್ಪನವರನ್ನು ಎದೆಗೆ ಅವುಚಿಕೊಂಡು, ಮೈಕಿನಲ್ಲಿ, ನಡುಗುವ ದನಿಯಲ್ಲಿ ಹೇಳಿದರು:

"ನೋಡ್ರಪಾ, ಪ್ರೀತಿ ಅಂದ್ರ ಇದು. ಸಾಹೇಬ್ರು ಹ್ವಾದ ದುಃಖಕ್ಕ ಈ ಮನುಷ್ಯಾನ ತಲಿ ತಿರುಗೈತಿ."

"ನನ್ನ ತಲಿಗೆ ಏನೂ ಆಗಿಲ್ರಿ!" ಎಂದು ಉಜ್ಜಿನಪ್ಪನವರು ಕೊಸರಾಡಿದರು. ಅವರು ಕೊಸರಾಡಿದಷ್ಟೂ ಜನಕ್ಕೆ ನಂಬಿಕೆ ಗಟ್ಟಿಯಾಯಿತು. ಹೆಂಗಸೊಬ್ಬಳು ಓಡಿ ಬಂದು ತಲೆಯ ಮೇಲೆ ಒಂದು ಕೊಡ ತಣ್ಣೀರು ಸುರಿದಳು. ಯಾರೋ ನೆತ್ತಿಗೆ ಎಣ್ಣೆ ತಟ್ಟಿದರು. ಅಧ್ಯಕ್ಷರು ಅಲ್ಲಿಯೇ ಒಂದು ತಿಂಗಳ ರಜೆ ಘೋಷಿಸಿದರು, ಸಭೆ ಚಪ್ಪಾಳೆ ತಟ್ಟಿತು. ಕರ್ನಲ್ಲರ ನೆನಪಿಗೆ ಬಸ್ ನಿಲ್ದಾಣದ ಹತ್ತಿರ ಒಂದು ನೀರಿನ ಅರವಟ್ಟಿಗೆ ಕಟ್ಟಿಸಬೇಕೆಂಬ ಸಲಹೆಯೂ ಬಂದು ಅವಿರೋಧವಾಗಿ ಪಾಸಾಯಿತು.

ಎಣ್ಣೆ ನೀರು ಸೋರುತ್ತಿದ್ದ ಉಜ್ಜಿನಪ್ಪನವರನ್ನು ಮರಿಬಸಪ್ಪನವರು ಜೀಪಿನಲ್ಲಿ ಕೂರಿಸಿಕೊಂಡು ಬಳ್ಳಾರಿಗೆ ಹೊರಟರು. ದಾರಿಯುದ್ದಕ್ಕೂ ಉಜ್ಜಿನಪ್ಪನವರು ಮನಸ್ಸಿನಲ್ಲೇ ಒಂದು ಪ್ರತಿಜ್ಞೆ ಮಾಡುತ್ತ ಬಂದರು: ಇನ್ನು ಮೇಲೆ ತನ್ನದಲ್ಲದ ಹುದ್ದೆ ಹೇಳಿಕೊಳ್ಳುವುದಿಲ್ಲ, ಇಲ್ಲದ ಪರಿಚಯ ಹೇಳಿಕೊಳ್ಳುವುದಿಲ್ಲ, ಗುಮಾಸ್ತನೆಂದರೆ ಗುಮಾಸ್ತ.

ಪಾರ್ವತಿನಗರದ ಮನೆಯ ಮುಂದೆ ಚಪ್ಪಲಿಗಳ ರಾಶಿ. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಓಣಿಯ ಹೆಂಗಸರು ಕೊಟ್ರಬಸಮ್ಮನ ಸುತ್ತ ಕೂತು ಮೂಗು ಒರೆಸಿಕೊಳ್ಳುತ್ತಿದ್ದರು.

"ಸಾಹೇಬ್ರಿಗೆ ಮೈಯಾಗ ಆರಾಮಿಲ್ಲ ಅಂತ ನನಗೊಂದು ಮಾತರ ಹೇಳಬಾರದೇನ್ರಿ?" ಎಂದು ಆಕೆ ಅತ್ತಳು. "ಒಮ್ಮಿನೂ ಮನಿಗೆ ಊಟಕ್ಕ ಕರೀಲಿಲ್ಲಲ್ಲ ಅವರನ್ನ!"

"ಕರ್ನಲ್ ಇಲ್ಲ ಮಾರಾಯ್ತಿ" ಎಂದರು ಉಜ್ಜಿನಪ್ಪನವರು, ಸೋತ ದನಿಯಲ್ಲಿ.

"ನನಗೂ ತಿಳೀತೈತ್ರಿ, ಇಲ್ಲಂತ" ಎಂದು ಆಕೆ ಇನ್ನೂ ಜೋರಾಗಿ ಅತ್ತಳು.

ಹೆಂಗಸರೆಲ್ಲ ಎದ್ದು ಹೋದ ಮೇಲೆ ಮರಿಬಸಪ್ಪನವರು ಬಾಗಿಲು ಮುಂದೆ ಮಾಡಿ, ಭಾಮೈದನ ಪಕ್ಕದಲ್ಲಿ ಬಂದು ಕೂತರು. ಕೆಮ್ಮಿ, ದನಿ ತಗ್ಗಿಸಿದರು.

"ಹ್ವಾದವರು ಹ್ವಾದ್ರು, ಉಜ್ಜಿನಪ್ಪ. ಅತ್ರ ಬರ್ತಾರೇನು? ಇದು ಕೇಳೂ ಹೊತ್ತಲ್ಲ ಅಂತ ನನಗೂ ಗೊತ್ತೈತಿ. ಆದ್ರ ಕೇಳದಿದ್ರ ಬ್ಯಾರೇದವರು ಕೇಳಿಬಿಡ್ತಾರ. ಆ ಜಾಗ ಈಗ ಖಾಲಿ ಐತಲ್ಲ?"

"ಯಾವ ಜಾಗ, ಮಾವ?"

"ಅದ, ಕರ್ನಲ್‌ದು. ನಮ್ಮ ಕೊಟ್ರೇಶಿ ಬಿ.ಎ. ಮುಗಿಸಿ ಕುಂತಾನ. ತಂಪಿನ್ಯಾಗ ಕುಂದ್ರೂ ಕೆಲಸ. ಹೊರಗ ಬರಂಗಿಲ್ಲ, ಯಾರ ಜೋಡಿನೂ ಮಾತಾಡಂಗಿಲ್ಲ. ಅವನ ಸ್ವಭಾವಕ್ಕ ಬರೋಬ್ಬರಿ ಕೂಡ್ತೈತಿ ನೋಡು. ನಿನ್ನ ಮಾತು ಮ್ಯಾಲೆ ನಡೀತೈತಿ ಅಂತ ಕುರುಗೋಡಿಗೆಲ್ಲ ಗೊತ್ತು."

ಉಜ್ಜಿನಪ್ಪನವರು ಬಾಯಿ ತೆರೆದರು. ಯಂತ್ರ, ತಿರುಳು, ಶೇಂಗಾಬೀಜ ಎಲ್ಲವೂ ನಾಲಿಗೆಯ ತುದಿಗೆ ಬಂದವು. ಎದುರಿಗೆ ಅಕ್ಕನ ಗಂಡ, ಊರಿಗೆ ದೊಡ್ಡ ಮನುಷ್ಯ, ಎಂದೂ ಇವರನ್ನು ಒಂದು ಮಾತು ಕೇಳಿದವರಲ್ಲ. ಇವತ್ತು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕಾದು ಕೂತಿದ್ದಾರೆ.

"ನೋಡೂಣು ಮಾವ" ಎಂದರು ಉಜ್ಜಿನಪ್ಪನವರು. ನೆತ್ತಿಯಿಂದ ಇಳಿಯುತ್ತಿದ್ದ ಎಣ್ಣೆಯನ್ನು ಪಂಚೆಯ ತುದಿಯಿಂದ ಒರೆಸಿಕೊಂಡು, ಸ್ವಲ್ಪ ನೆಟ್ಟಗೆ ಕೂತು ಕೇಳಿದರು, "ಹುಡುಗನ ಎತ್ತರ ಎಷ್ಟೈತಿ?"